ಕೆಂಪು ಬಾವುಟ ನಾನು ತೆಗೆಯಲಿಲ್ಲ

ಸೈನ್ಯ ಸೇರುವ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು ಎಂದರೆ ಸುಳ್ಳಾಗುತ್ತದೆ. ನನ್ನನ್ನು ನೋಡಿ ಒಬ್ಬ ಅಧಿಕಾರಿ ನಕ್ಕರು. ಅದಕ್ಕೆ ಸೇರಿದೆ.

೧೯೯೭ರಲ್ಲಿ ನಾನು ಕೊಪ್ಪಳದಲ್ಲಿ ರೈಲ್ವೆಯ ಹಳಿ ವಿಭಾಗದ ಎಂಜಿನಿಯರ್ ಆಗಿದ್ದೆ. ಬಿಸಿಲೇರುವ ಮುಂಚೆ ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿ ಹತ್ತಿ ನನ್ನ ಪಾಲಿನ ಹಳಿಯನ್ನು ನೋಡಿಕೊಂಡು ಬರುವುದು, ಎಲ್ಲಿ ಕುಸಿದಿದೆ, ಎಲ್ಲಿ ಬೋಲ್ಟು ಸಡಿಲಾಗಿದೆ ಎಂದು ಗ್ಯಾಂಗಿನವರಿಗೆ ತೋರಿಸುವುದು, ಮಾಡಿಸುವುದು. ಆ ಕೆಲಸ ನನಗೆ ಹಿಡಿಸಿತ್ತು. ಇದರ ನಡುವೆ ಒಂದು ದಿನ ಹುಬ್ಬಳ್ಳಿಯ ಕಚೇರಿಯಿಂದ ಸುತ್ತೋಲೆ ಬಂತು. ರೈಲ್ವೆ ನೌಕರರನ್ನೇ ಸೈನಿಕರನ್ನಾಗಿ ಮಾಡುವ ಪಡೆಯೊಂದಿದೆ, ಮನಸ್ಸಿದ್ದವರು ಹೆಸರು ಕೊಡಬಹುದು ಎಂದು ಅದರಲ್ಲಿತ್ತು. ವರ್ಷಕ್ಕೊಮ್ಮೆ ಒಂದು ತಿಂಗಳ ಶಿಬಿರ, ಉಳಿದ ಕಾಲ ಎಂದಿನ ನೌಕರಿ. ಯುದ್ಧವೋ ನೆರೆಯೋ ಬಂದರೆ ಮಾತ್ರ ಕರೆ ಬರುತ್ತದೆ. ಆಗ ಸಮವಸ್ತ್ರ ತೊಟ್ಟು ಹೊರಡಬೇಕು. ಬಾಂಬು ಬಿದ್ದಲ್ಲಿ ಹಳಿ ಜೋಡಿಸಬೇಕು, ಕೊಚ್ಚಿಹೋದ ಸೇತುವೆಗೆ ತಾತ್ಕಾಲಿಕ ಕಂಬ ಕೊಡಬೇಕು, ಟ್ಯಾಂಕು ಫಿರಂಗಿ ಹೊತ್ತ ಗಾಡಿಗಳನ್ನು ಗಡಿಗೆ ಮುಟ್ಟಿಸಬೇಕು.

ವಿಚಾರಿಸಿ ಬರೋಣ ಎಂದಷ್ಟೇ ಹೋಗಿದ್ದೆ. ಮೇಜಿನ ಹಿಂದೆ ಕುಳಿತ ಅಧಿಕಾರಿ ನನ್ನ ಊರು ಕೇಳಿದರು. ಯಲಬುರ್ಗಾ ತಾಲ್ಲೂಕು ಎಂದೆ.

"ಅಲ್ಲಿ ರೈಲೇ ಇಲ್ಲವಲ್ಲ," ಎಂದು ಪಕ್ಕದವರ ಮುಖ ನೋಡಿದರು. "ಬಸ್ಸಿನ ಊರಿನವರು ಸೈನ್ಯದ ರೈಲು ಓಡಿಸೋಕೆ ಹೊರಟಿದ್ದೀರಿ." ಪಕ್ಕದವರೂ ನಕ್ಕರು. ನಗು ಮುಗಿದ ಮೇಲೆ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ತಹಸೀಲ್ ಕಚೇರಿಯಲ್ಲಿ ಜವಾನರಾಗಿದ್ದರು, ಈಗಿಲ್ಲ, ಅವ್ವ ಕ್ವಾರಿಯಲ್ಲಿ ಖಡಿ ಒಡೆದು ನಮ್ಮನ್ನು ಓದಿಸಿದಳು ಎಂದೆ. ಆಗ ಅವರ ಮುಖದ ಮೇಲೆ ಮರುಕ ಬಂತು. ನಗುವಾದರೂ ತಡೆದುಕೊಂಡೇನು, ಆ ಮರುಕ ತಡೆಯಲಾಗಲಿಲ್ಲ. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿ, ನಿಂತುಕೊಂಡೇ ಹಾಕಿ ಬಂದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಗಂಗಾವತಿಯಿಂದ ಬಂದಿದ್ದ ಅಕ್ಕಿಯನ್ನು ಆರಿಸುತ್ತ ಕೂತಿದ್ದಳು. ಅವಳ ತವರು ಗಂಗಾವತಿ. ಕೈ ನಿಲ್ಲಿಸದೆ, "ಬ್ಯಾಡ ಅಂದ್ರ ಬಿಡ್ತೀರೇನು?" ಎಂದಳು.

ನಾನು ಬಾಗಿ ಅಕ್ಕಿಯಿಂದ ಒಂದು ಕಲ್ಲು ಆರಿಸಿದೆ.

"ಬಿಡಂಗಿಲ್ಲ. ಹಂಗಿದ್ದ ಮ್ಯಾಲೆ ನನ್ನ ಕೇಳೂದ್ಯಾಕ. ಕೈ ತೊಳಕೊಂಡು ಬರ್ರಿ, ಉಣ್ಣಾಕ ಹಾಕ್ತೀನಿ."

ಅವ್ವ ಮಾತ್ರ ಊರಿನಿಂದ ಬಂದಾಗ ಎಲ್ಲವನ್ನೂ ಬಿಡಿಸಿ ಕೇಳಿದಳು. "ಅಲ್ಲಿ ನಿನಗ ಹೊಡಿಯಾಕ ಬರ್ತಾರೇನು?"

"ಬರಬಹುದವ್ವ."

"ತಿರುಗಿ ಹೊಡಿಯಾಕ ನಿನಗ ಬಂದೂಕು ಕೊಡ್ತಾರೇನು?"

"ಕೊಡ್ತಾರ."

"ಹಂಗಾದ್ರ ಛಲೋ ಐತಿ ಹೋಗು. ನಮ್ಮ ಮನ್ಯಾಗ ಇಲ್ಲೀತನ ಎಲ್ಲಾರೂ ಬರೇ ಹೊಡಸ್ಕೊಂಡ ಬಂದಾರ."

ಹೀಗೆ ನಾನು ನಾಯಬ್ ಸುಬೇದಾರನಾದೆ. ರೈಲ್ವೆಯಲ್ಲಿ ನನ್ನ ಹುದ್ದೆಗೆ ಸೈನ್ಯದಲ್ಲಿ ಕೊಡುವ ಸ್ಥಾನ ಅದು, ಸುಬೇದಾರನಿಗಿಂತ ಒಂದು ಮೆಟ್ಟಿಲು ಕೆಳಗೆ. ಮೊದಲ ಶಿಬಿರ ಉತ್ತರದ ಒಂದು ಮರಳುಗಾಡಿನಲ್ಲಿ ನಡೆಯಿತು. ಬೆಳಿಗ್ಗೆ ಕವಾಯತು, ಆಮೇಲೆ ಗುಂಡು ಹಾರಿಸುವುದು, ಆಮೇಲೆ ನಮ್ಮ ಕೆಲಸ. ಕವಾಯತಿನಲ್ಲಿ ನಾನು ಹಿಂದೆ, ಗುಂಡು ಹಾರಿಸುವುದರಲ್ಲಿ ಇನ್ನೂ ಹಿಂದೆ. ನನ್ನ ಹಿಂದಿ ಕೇಳಿ ತರಬೇತಿ ಕೊಡುವ ಉಸ್ತಾದರು ನನಗೆ ಸನ್ನೆಯಲ್ಲೇ ಹೇಳುವುದನ್ನು ರೂಢಿ ಮಾಡಿಕೊಂಡರು. ಆದರೆ ಹಳಿ ಇಳಿಸಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಸೇತುವೆ ಬಿದ್ದಿದೆ ಎಂದು ಊಹಿಸಿಕೊಂಡು ಅದರ ಬದಿಗೆ ಮರಳಿನ ಮೇಲೆ ಬಳಸುಹಳಿ ಹಾಕುವುದು, ಹಳಿಯಡಿ ಅಡ್ಡ ಹಾಸುವ ಹಳೆಯ ಮರದ ದಿಮ್ಮಿಗಳನ್ನು, ಅಂದರೆ ಸ್ಲೀಪರುಗಳನ್ನು, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಕಂಬದ ಹಾಗೆ ನಿಲ್ಲಿಸುವುದು. ಹೀಗೆ ಪೇರಿಸಿದ ರಾಶಿಗೆ ನಾವು ಕ್ರಿಬ್ ಎನ್ನುತ್ತೇವೆ. ಬಿಹಾರದವರು, ತಮಿಳರು, ಬಂಗಾಳದವರು ಎಲ್ಲ ಸೇರಿ ಹಳಿ ಎತ್ತುವಾಗ ಕೂಗುವ ಕೂಗು ಮಾತ್ರ ಬೇರೆ ಬೇರೆ, ಎತ್ತುವ ಭಾರ ಒಂದೇ. ಮೂರನೆಯ ವಾರದ ಹೊತ್ತಿಗೆ ಉಸ್ತಾದರು ಬೇರೆ ತುಕಡಿಯವರನ್ನು ಕರೆದುಕೊಂಡು ಬಂದು ನಮ್ಮ ಬಳಸುಹಳಿ ತೋರಿಸುತ್ತಿದ್ದರು.

೧೯೯೯ರ ಬೇಸಿಗೆಯಲ್ಲಿ ಗಡಿಯಲ್ಲಿ ಕಾಳಗ ಹತ್ತಿತು. ನಮಗೆ ಕರೆ ಬಂತು. ಆಗ ನಮ್ಮ ಮಗಳು ಅಂಬೆಗಾಲಿಡುತ್ತಿದ್ದಳು. ಹೆಂಡತಿ ಕೊಪ್ಪಳದ ನಿಲ್ದಾಣಕ್ಕೆ ಬಂದಳು. ಅಲ್ಲಿದ್ದವರೆಲ್ಲ ನನ್ನ ಸಮವಸ್ತ್ರ ನೋಡುತ್ತಿದ್ದರು. ಅವಳು ಮಾತ್ರ ಬೇರೆಲ್ಲೋ ನೋಡುತ್ತ, "ಅಲ್ಲಿ ನೀರು ಕಾಸಿ ಕುಡೀರಿ," ಎಂದು ಎರಡು ಸಲ ಹೇಳಿದಳು.

ಬೆಟ್ಟದ ಮೇಲೆ ಗುಂಡು ಹಾರುತ್ತಿದ್ದಾಗ ಕೆಳಗೆ ಬಯಲಿನಲ್ಲೂ ಸೈನ್ಯ ಜಮಾಯಿಸುತ್ತಿತ್ತು. ಯುದ್ಧ ಅಲ್ಲಿಗೂ ಹಬ್ಬೀತು ಎಂದು ಎಲ್ಲರ ನಿರೀಕ್ಷೆ. ಗಡಿಯ ಕಡೆಗೆ ಹೋಗುವ ಒಂಟಿ ಹಳಿಯೊಂದನ್ನು ನಮ್ಮ ತುಕಡಿಗೆ ಒಪ್ಪಿಸಿದ್ದರು. ಅದರ ಕೊನೆಯ ನಿಲ್ದಾಣದಲ್ಲಿ ಟ್ಯಾಂಕುಗಳನ್ನು ಇಳಿಸುತ್ತಿದ್ದರು. ಹಗಲಿಡೀ ಬಿಸಿಗಾಳಿ. ಬರಿಗೈಯಲ್ಲಿ ಹಳಿ ಮುಟ್ಟಿದರೆ ಚರ್ಮ ಏಳುತ್ತಿತ್ತು. ಮಳೆಯ ಮುಖವನ್ನೇ ಕಾಣದ ಆ ನಾಡಿನಲ್ಲಿ ಒಂದು ದಿನ ಮೋಡ ಕಟ್ಟಿ, ಆಕಾಶ ಬಿರಿದ ಹಾಗೆ ಸುರಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಹಳಿಯ ಕೆಳಗೆ ನೀರು ಹಾಯುವ ಒಂದು ಸಣ್ಣ ಮೋರಿಯ ಪಕ್ಕದ ಮಣ್ಣಿನ ಏರಿ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೂಗುತ್ತಿತ್ತು.

ನಾವು ಮಧ್ಯಾಹ್ನದೊಳಗೆ ಮಣ್ಣು ತುಂಬಿ, ಖಡಿ ಹಾಕಿ, ಹಳಿ ಸಮ ಮಾಡಿದೆವು. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ನಾನು ಮೋರಿಯ ಕೆಳಗಿಳಿದು ಪಕ್ಕದ ಗೋಡೆಯ ಹಿಂದೆ ಹಾರೆ ಹಾಕಿದೆ. ಹಾರೆ ಬೆಣ್ಣೆಯಲ್ಲಿ ಇಳಿದ ಹಾಗೆ ಒಳಗೆ ಹೋಯಿತು. ಇನ್ನೊಂದು ಕಡೆ ಹಾಕಿದೆ, ಅಲ್ಲೂ ಹಾಗೇ. ನೀರು ಗೋಡೆಯ ಹಿಂದಿನ ಮಣ್ಣನ್ನು ಒಳಗಿಂದೊಳಗೇ ತಿಂದು ಹೋಗಿತ್ತು. ಖಾಲಿ ಗಾಡಿಯಾದರೆ ದಾಟಬಹುದಿತ್ತು. ಟ್ಯಾಂಕು ಹೊತ್ತ ಗಾಡಿ ದಾಟಲಾರದು ಎಂದು ನನಗೆ ಅನ್ನಿಸಿತು. ಗೋಡೆಯ ಹಿಂದೆ ಅಗೆದು ಸ್ಲೀಪರಿನ ಕ್ರಿಬ್ ಕಟ್ಟಿ ಭಾರವನ್ನು ಅದರ ಮೇಲೆ ಕೊಡಬೇಕು. ಅದಕ್ಕೆ ಮರುದಿನ ಮಧ್ಯಾಹ್ನದವರೆಗೆ ಸಮಯ ಬೇಕು. ನಾನು ಮೇಲೆ ಬಂದು, ಮೋರಿಗೆ ಸಾಕಷ್ಟು ದೂರದಲ್ಲಿ, ಹಳಿಗೆ ಅಡ್ಡವಾಗಿ ಎರಡು ಕೋಲು ನೆಟ್ಟು ಕೆಂಪು ಬಾವುಟ ಕಟ್ಟಿಸಿದೆ. ರೈಲ್ವೆಯಲ್ಲಿ ಅದೊಂದು ಕಟ್ಟಳೆ. ಹಾಗೆ ಬಾವುಟ ಕಟ್ಟಿದ ಮೇಲೆ ಕಟ್ಟಿಸಿದವನೇ ತೆಗೆಸುವವರೆಗೆ ಗಾಡಿ ಮುಂದೆ ಹೋಗುವ ಹಾಗಿಲ್ಲ.

ಬಾವುಟ ಕಟ್ಟಿ ಮುಗಿಯುವಷ್ಟರಲ್ಲಿ ಟ್ಯಾಂಕಿನ ಗಾಡಿ ಬಂದು ನಿಂತಿತು. ಸೈನ್ಯದ ಸಾಗಣೆ ನೋಡಿಕೊಳ್ಳುತ್ತಿದ್ದ ಮೇಜರ್ ಜೀಪಿನಲ್ಲಿ ಬಂದರು. ಅವರ ವಯಸ್ಸು ನನಗಿಂತ ಹೆಚ್ಚಿರಲಿಲ್ಲ, ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಅವರಾಡಿದ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಳಿ ಕೂಡಿದೆಯಲ್ಲ. ಇನ್ನೇನು?"

"ಮೇಲೆ ಕೂಡಿದೆ ಸಾಹೇಬ್. ಕೆಳಗೆ ಟೊಳ್ಳು."

"ಈ ಟ್ಯಾಂಕುಗಳು ಸಂಜೆಯೊಳಗೆ ಇಳಿಯಬೇಕು."

"ನಾಳೆ ಮಧ್ಯಾಹ್ನ ಇಳಿಯುತ್ತವೆ."

ಅವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಇದು ಯುದ್ಧ. ನೀನು ಸಿಪಾಯಿಯೋ, ರೈಲ್ವೆ ಗುಮಾಸ್ತನೋ?"

ನನ್ನ ಹರಕು ಹಿಂದಿಯಲ್ಲಿ ನಾನು ಹೇಳಿದ್ದು ಇಷ್ಟೇ: "ಈ ಬಾವುಟ ನಾನು ಕಟ್ಟಿಸಿದ್ದು. ನಾನು ತೆಗೆಸುವುದಿಲ್ಲ. ನನ್ನನ್ನು ಹಿಡಿದುಕೊಂಡು ಹೋಗಿ, ಬೇರೆ ಎಂಜಿನಿಯರ್ ಕರೆಸಿ, ಅವನು ಕೆಳಗಿಳಿದು ನೋಡಿ ತೆಗೆಸಲಿ."

ಬೇರೆ ಎಂಜಿನಿಯರ್ ಬರುವುದಕ್ಕೆ ಮರುದಿನವೇ ಆಗುತ್ತಿತ್ತು. ಅದು ಅವರಿಗೂ ಗೊತ್ತು. ಅವರು ತಿರುಗಿ ಎಂಜಿನಿನ ಹತ್ತಿರ ಹೋಗಿ ಗಾಡಿ ಬಿಡು ಎಂದು ಚಾಲಕನಿಗೆ ಹೇಳಿದರು. ಚಾಲಕ ನಮ್ಮ ಪಡೆಯವನಲ್ಲ, ಅಲ್ಲಿಯ ರೈಲ್ವೆಯ ಮುದಿ ಮನುಷ್ಯ. ಅವನು ಬಾವುಟದ ಕಡೆ ಕೈ ತೋರಿಸಿ, ಎಂಜಿನಿನಿಂದ ಇಳಿದು, ನೆರಳಿನಲ್ಲಿ ಕೂತು ಬೀಡಿ ಹಚ್ಚಿದ.

ಮೇಜರ್ ನನ್ನ ಮೇಲೆ ದೂರು ಕೊಡುವುದಾಗಿ ಹೇಳಿ ವೈರ್‌ಲೆಸ್ ಇದ್ದ ಜೀಪಿಗೆ ಹೋದರು. ಅವರ ಬೈಗುಳಕ್ಕೆ ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಗಟ್ಟಿ ಮಾಡಿಕೊಳ್ಳದೆ ಇದ್ದದ್ದು ಇನ್ನೊಂದು ಮಾತಿಗೆ. ಟ್ಯಾಂಕಿನ ಮೇಲೆ ಕುಳಿತಿದ್ದ ಒಬ್ಬ ಜವಾನ, ಮೀಸೆ ಚಿಗುರಿದವನು, ಬಾಗಿ ನನ್ನನ್ನು ನೋಡಿ ಮೆಲ್ಲಗೆ ಹೇಳಿದ: "ಮೇಲೆ ಬೆಟ್ಟದಲ್ಲಿ ನಮ್ಮಣ್ಣ ಇದ್ದಾನೆ. ನೀವಿಲ್ಲಿ ಮಣ್ಣು ಅಳೆಯುತ್ತಾ ನಿಂತಿದ್ದೀರಿ."

ಅಂಗಿ ಬಿಚ್ಚಿ ಮೋರಿಗೆ ಇಳಿದು ಅಗೆಯತೊಡಗಿದೆ. ನಮ್ಮವರೂ ಇಳಿದರು. ಸ್ಲೀಪರು ದೂರದಿಂದ ಹೊತ್ತು ತರಬೇಕಿತ್ತು, ಒಂದೊಂದಕ್ಕೂ ನಾಲ್ವರ ಹೆಗಲು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಯಾರೋ ಇಳಿದು ಬಂದ ಸದ್ದಾಯಿತು. ಆ ಜವಾನನೇ. ಏನೂ ಮಾತಾಡದೆ ಸ್ಲೀಪರಿನ ಒಂದು ತುದಿಗೆ ಹೆಗಲು ಕೊಟ್ಟ. ಅವನ ಹಿಂದೆ ಟ್ಯಾಂಕಿನವರೆಲ್ಲ ಬಂದರು. ಅವರ ಸಿಟ್ಟು ಹೋಗಿತ್ತು ಎಂದು ನಾನು ಹೇಳಲಾರೆ. ಸಿಟ್ಟಿನಲ್ಲೇ ಎತ್ತಿದರು, ಸಿಟ್ಟಿನಲ್ಲೇ ಇಳಿಸಿದರು. ಆ ಸಿಟ್ಟಿನಿಂದಲೇ ಕೆಲಸ ಬೇಗ ಸಾಗಿತು.

ಮರುದಿನ ಮಧ್ಯಾಹ್ನಕ್ಕೆ ಮುಂಚೆಯೇ ಕ್ರಿಬ್ ಮುಗಿಯಿತು. ನಾನೇ ಹೋಗಿ ಬಾವುಟ ಬಿಚ್ಚಿಸಿದೆ. ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ಬಂತು. ನಾನು ಮೋರಿಯ ಕೆಳಗೆ, ಕ್ರಿಬ್ಬಿನ ಪಕ್ಕದಲ್ಲೇ ನಿಂತೆ. ಇದು ತಡೆಯುತ್ತದೆ ಎಂದು ನಾನು ಹೇಳಿದ ಮೇಲೆ ನಿಲ್ಲಬೇಕಾದ ಜಾಗ ಅದೇ. ಒಂದೊಂದು ಟ್ಯಾಂಕು ದಾಟಿದಾಗಲೂ ಮರ ಕಿರುಗುಟ್ಟಿ ಬೆರಳಿನಷ್ಟು ಕೂತಿತು. ಪುಡಿ ಮಣ್ಣು ನನ್ನ ತಲೆಯ ಮೇಲೆ ಉದುರುತ್ತಿತ್ತು. ಕೊನೆಯ ಗಾಡಿಯೂ ದಾಟಿತು.

ಯುದ್ಧ ಬಯಲಿಗೆ ಹಬ್ಬಲಿಲ್ಲ. ಆ ಟ್ಯಾಂಕುಗಳು ಒಂದು ಗುಂಡನ್ನೂ ಹಾರಿಸದೆ ಕೆಲವು ತಿಂಗಳ ಮೇಲೆ ಅದೇ ಹಳಿಯ ಮೇಲೆ ಹಿಂದಿರುಗಿದವು. ನನಗೆ ವಿಚಾರಣೆ ಕಾದಿತ್ತು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿಗಳು ಕೇಳಿದ್ದನ್ನೇ ಕೇಳಿದರು. ಮೋರಿ ಕುಸಿಯುತ್ತಿತ್ತು ಎನ್ನುವುದಕ್ಕೆ ಏನು ಆಧಾರ? ಹಾರೆ ಒಳಗೆ ಹೋಯಿತು ಎಂದೆ. ಹಾರೆ ಹೋದದ್ದನ್ನು ನೋಡಿದವರು ಯಾರು? ನನ್ನ ಜನ. ನಿನ್ನ ಜನ ನಿನ್ನ ಪರವಾಗಿಯೇ ಹೇಳುತ್ತಾರಲ್ಲ. ನಾನೇನು ಹೇಳಲಿ. ಆಗದೆ ಹೋದ ಅಪಘಾತಕ್ಕೆ ಸಾಕ್ಷಿ ತರುವುದು ಹೇಗೆ? ಗಾಡಿ ಉರುಳಿಬಿದ್ದಿದ್ದರೆ ನಾನು ಹೇಳಿದ್ದು ಸರಿ ಎಂದು ಎಲ್ಲರೂ ಒಪ್ಪುತ್ತಿದ್ದರು. ಉರುಳದ ಹಾಗೆ ಮಾಡಿದ್ದರಿಂದ ನಾನು ತಪ್ಪಿತಸ್ಥನಾದೆ.

ಹಿರಿಯ ಅಧಿಕಾರಿಯೊಬ್ಬರು ಒಳ್ಳೆಯ ಮನಸ್ಸಿನವರು. ನನ್ನನ್ನು ಹೊರಗೆ ಕರೆದು ಚಹಾ ಕುಡಿಸಿ, ಒಂದು ಸಾಲು ಬರೆದುಕೊಡು, ಆ ಗಡಿಬಿಡಿಯಲ್ಲಿ ನನ್ನ ಅಂದಾಜು ತಪ್ಪಿತು ಎಂದು, ಇಲ್ಲಿಗೆ ಮುಗಿಸೋಣ ಎಂದರು. ನನ್ನ ಅಂದಾಜು ತಪ್ಪಿರಲಿಲ್ಲ ಎಂದೆ. ತಪ್ಪಿರಲಿಕ್ಕಿಲ್ಲ, ಆದರೂ ಬರೆ ಎಂದರು. ಚಹಾಕ್ಕೆ ವಂದಿಸಿ ಒಳಗೆ ಹೋಗಿ ನನ್ನ ಕುರ್ಚಿಯ ಮೇಲೆ ಕೂತೆ.

ಕೊನೆಗೆ ಕಠಿಣ ಛೀಮಾರಿ ಎಂದು ಆಯಿತು. ಕೆಂಪು ಬಾವುಟ ತೆಗೆಯದೆ ಸಾಗಣೆಗೆ ಅಡ್ಡಿ ಮಾಡಿದ್ದು, ಮೇಲಿನವರ ಮಾತು ಮೀರಿದ್ದು ಎಂದು ನನ್ನ ಸೇವಾ ದಾಖಲೆಯಲ್ಲಿ ಬರೆದರು. ಮುಂದಿನ ಬಡ್ತಿ ನಿಂತಿತು. ನಾನಾಗಿಯೇ ಪಡೆ ಬಿಟ್ಟು ಹೋಗುತ್ತೇನೆ ಎಂದು ಎಲ್ಲರೂ ಭಾವಿಸಿದ್ದರು. ನಾನು ಮುಂದಿನ ವರ್ಷದ ಶಿಬಿರಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಹಾಜರಿ ಹಾಕಿದೆ.

ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಊರು ಮುಟ್ಟುವಾಗ ಅದರ ರೂಪ ಬದಲಾಗಿತ್ತು. ಯುದ್ಧಕ್ಕೆ ಹೋದವ ಹೆದರಿ ಗಾಡಿ ನಿಲ್ಲಿಸಿದನಂತೆ, ಸೈನ್ಯದವರು ಬೈದು ಕಳಿಸಿದರಂತೆ. ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಗುರುತಿನವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು.

ತಾವರಗೇರಾದಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ನಾನು ಹೋಗುವುದಿಲ್ಲ ಎಂದೆ. ಅವ್ವ ಬಿಡಲಿಲ್ಲ. ಊಟದ ಪಂಕ್ತಿಯಲ್ಲಿ ನಾನು, ನನ್ನ ಪಕ್ಕ ಅವ್ವ. ಎದುರು ಸಾಲಿನಲ್ಲಿ ದೂರದ ಮಾವನೊಬ್ಬ ಕೂತಿದ್ದ. ಅವನ ಮಗ ಸೈನ್ಯದಲ್ಲಿದ್ದ. ಎಲೆಯ ಮೇಲೆ ಜುಣಕ ಬಡಿಸುತ್ತಿದ್ದಾಗ ಅವನು ಗಟ್ಟಿಯಾಗಿ, "ಏನಪಾ ಎಂಜಿನಿಯರ, ಗಾಡಿ ನಿಲ್ಸೂ ಕೆಲಸಕ್ಕೂ ಸೈನ್ಯದಾಗ ಮಂದಿ ತಗೋತಾರಂತ ನಮಗ ಗೊತ್ತ ಇರಲಿಲ್ಲ ನೋಡು," ಎಂದ. ಕೆಲವರು ತಲೆ ತಗ್ಗಿಸಿ ನಕ್ಕರು.

ನಾನು ಏಳಲು ಹೊರಟೆ. ಅವ್ವ ನನ್ನ ಮೊಣಕೈ ಹಿಡಿದು ಕೂರಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಆ ಗಾಡ್ಯಾಗ ನಿನ್ನ ಮಗ ಕುಂತಿದ್ನಪಾ ಅಂತ ತಿಳ್ಕೋ. ಆಗ ನನ್ನ ಮಗ ಗಾಡಿ ನಿಲ್ಸಿದ್ದು ತಪ್ಪು ಅಂತಿದ್ದೇನು?"

ಅವನು ಎಲೆಯ ಮೇಲಿನ ಜುಣಕವನ್ನು ಬೆರಳಿನಲ್ಲಿ ಕಲಸತೊಡಗಿದ.

"ಯಾಕ, ಹೇಳು. ಇಷ್ಟ ಮಂದ್ಯಾಗ ಕೇಳ್ದಿ, ಇಷ್ಟ ಮಂದ್ಯಾಗ ಹೇಳು."

"ಹಂಗಲ್ಲ ಯಕ್ಕಾ, ನಾ ಚ್ಯಾಷ್ಟಿಗೆ ಅಂದೆ."

"ನಾ ಚ್ಯಾಷ್ಟಿಗೆ ಕೇಳವಲ್ಲೆ." ಆಮೇಲೆ ನನಗೆ ಹೇಳಿದಳು: "ನೀ ಯಾಕ ಏಳ್ತಿ? ಕುಂದ್ರು, ಉಣ್ಣು. ಇವರ ಮಾತಿಗೆ ನಾವ್ಯಾಕ ಹಸಕೊಂಡು ಹೋಗೂದು?" ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿಸಿದಳು. ನಾನು ಪೂರ್ತಿ ಉಂಡೆ. ಪಂಕ್ತಿಯಲ್ಲಿ ಕೊನೆಗೆ ಎದ್ದವರು ನಾವಿಬ್ಬರೇ. ಆ ದಿನದ ಮೇಲೆ ನಾನು ಯಾವ ಮದುವೆಯನ್ನೂ, ಯಾವ ಚಹಾದಂಗಡಿಯನ್ನೂ ತಪ್ಪಿಸಲಿಲ್ಲ.

ವರ್ಷಗಳು ಹೋದವು. ಹೊಸಬರು ಸುಬೇದಾರರಾಗಿ ನನ್ನ ಮುಂದೆ ಹಾದು ಹೋದರು. ನಾನು ಕಲಿಸಿದವರಿಗೆ ನಾನೇ ಸೆಲ್ಯೂಟ್ ಹೊಡೆದೆ. ನೆರೆ ಬಂದಾಗಲೆಲ್ಲ ನಮ್ಮ ತುಕಡಿಯನ್ನು ಕರೆಯುತ್ತಿದ್ದರು. ಹೊಳೆ ಇಳಿಯುತ್ತಿದ್ದ ಹಾಗೆ ಕೆಸರಿನಲ್ಲಿ ನಿಂತು ಕ್ರಿಬ್ ಕಟ್ಟುತ್ತಿದ್ದೆವು. ಗಾಡಿ ಬಿಡುವ ಮೊದಲು ಹೊಸ ಅಧಿಕಾರಿಗಳು ಯಾರನ್ನು ಕೇಳಬೇಕೆಂದು ತಿಳಿಯದೆ ಸುತ್ತ ನೋಡುವಾಗ ಜನ ನನ್ನ ಕಡೆ ನೋಡುತ್ತಿದ್ದರು. ಅದು ದಾಖಲೆಯಲ್ಲಿ ಬರುವ ಸಂಗತಿಯಲ್ಲ.

ಈ ನಡುವೆ ರೈಲ್ವೆ ನನ್ನನ್ನು ಗಂಗಾವತಿಯ ಕಡೆಗೆ ಹೊಸ ಹಳಿ ಹಾಕುವ ಕೆಲಸಕ್ಕೆ ಕಳಿಸಿತು. ಹೆಂಡತಿಗೆ ಖುಷಿಯೋ ಖುಷಿ. ತವರಿಗೆ ರೈಲು, ಅದನ್ನು ತರುವವನು ಗಂಡ. ಆ ಭಾಗದ ಜನ ರೈಲಿಗೆ ಕಾದು ಕಾದು ಬೇಸತ್ತಿದ್ದರು. ಹಳಿಗೆ ಮಣ್ಣಿನ ಏರಿ ಏಳುತ್ತಿದ್ದದ್ದನ್ನು ನೋಡಲು ಸಂಜೆ ಹೊತ್ತು ಕುಟುಂಬ ಸಮೇತ ಬರುತ್ತಿದ್ದರು.

ಅಲ್ಲಿ ಗದ್ದೆಯ ನೆಲವೆಲ್ಲ ಕರಿ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರಿಂದ ಏರಿ ಕಟ್ಟುವ ಹಾಗಿಲ್ಲ. ದೂರದ ಗುಡ್ಡದಿಂದ ಗರಸು ಮಣ್ಣು ತಂದು ಪದರ ಪದರವಾಗಿ ಹಾಕಿ ರೋಲರ್ ಹೊಡೆಯಬೇಕು. ಒಂದು ತುಂಡಿನ ಗುತ್ತಿಗೆ ಹಿಡಿದಿದ್ದ ಮನುಷ್ಯ ದೂರದಿಂದ ತರುವ ಖರ್ಚು ಉಳಿಸಲು ಪಕ್ಕದ ಹೊಲದ ಎರೆಮಣ್ಣನ್ನೇ ತುಂಬಿ ಮೇಲೆ ಗರಸು ಹೊದಿಸಿದ್ದ. ನೋಡಲು ಚೆಂದವಾಗಿ ಕೆಂಪಗೆ ಕಾಣುತ್ತಿತ್ತು. ನಾನು ಗುಂಡಿ ತೋಡಿಸಿದೆ. ಮೊಣಕಾಲಿನಷ್ಟು ಆಳಕ್ಕೆ ಕರಿ ಮಣ್ಣು ಸಿಕ್ಕಿತು. ಇನ್ನೊಂದು ಕಡೆ ತೋಡಿಸಿದೆ, ಮತ್ತೊಂದು ಕಡೆ. ಎಲ್ಲ ಕಡೆ ಅದೇ.

"ಎಲ್ಲಾ ಬಿಚ್ಚರಿ," ಎಂದೆ.

ಗುತ್ತಿಗೆದಾರ ನಕ್ಕ. "ಸಾಹೇಬ್ರ, ಬಿಚ್ಚಿ ಮತ್ತ ಕಟ್ಟಾಕ ಎರಡು ಮಳಿಗಾಲ ಹೋಗ್ತಾವ. ಮಂದಿ ನಿಮಗ ಬಿಡ್ತಾರೇನು?"

ಅವನು ಹೇಳಿದ್ದು ನಿಜವಾಯಿತು. ಸುದ್ದಿ ಹರಡಿದ ಮೇಲೆ ಕಾರಟಗಿಯಿಂದ ಅಕ್ಕಿ ಗಿರಣಿಯವರು, ವ್ಯಾಪಾರದವರು, ಊರಿನ ಹಿರಿಯರು ಎಲ್ಲ ಸೇರಿ ನನ್ನ ಕಚೇರಿಗೆ ಬಂದರು. ಕೂರಲು ಕುರ್ಚಿ ಸಾಲಲಿಲ್ಲ. ಒಬ್ಬ ಗಿರಣಿ ಮಾಲೀಕರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮೃದುವಾಗಿ ಮಾತು ತೆಗೆದರು. ಅವರ ಅಪ್ಪ ರೈಲಿನ ಕನಸು ಕಾಣುತ್ತಲೇ ತೀರಿಕೊಂಡರಂತೆ. ಆಮೇಲೆ ಒಬ್ಬ ಹಿರಿಯರು ನೇರವಾಗಿ ಕೇಳಿದರು.

"ನೀವು ನಮ್ಮ ಜಿಲ್ಲಾದವ್ರು. ನಮ್ಮ ಅಳಿಯಾ ಇದ್ದಂಗ. ಹೊರಗಿನವ್ರು ತಡ ಮಾಡಿದ್ರ ಮಾತು ಬ್ಯಾರೆ. ನೀವೇ ಹಿಂಗ ಮಾಡಿದ್ರ ನಾವು ಯಾರ ಕಡೆ ಹೋಗೂಣು?"

"ನಿಮ್ಮ ಅಳಿಯಾ ಇದ್ದೀನಂತ ಬಿಚ್ಚಸಾಕತ್ತೀನ್ರಿ," ಎಂದೆ. "ಈಗ ಗಾಡಿ ಬಿಟ್ರ ಮೊದಲನೇ ದಿನ ನೀವು ನನಗ ಮಾಲಿ ಹಾಕ್ತೀರಿ. ಕಾಲುವಿ ನೀರು ಹೊಕ್ಕು ಏರಿ ಕುಂತ ದಿನ ಯಾರಿಗೆ ಮಾಲಿ ಹಾಕ್ತೀರಿ?"

"ಅಂದ್ರ ನೀವು ಕೇಳಂಗಿಲ್ಲ."

"ಇದೊಂದು ಕೇಳಂಗಿಲ್ರಿ."

ಅವರು ಎದ್ದು ಹೋದರು. ಬಂದಾಗ ತಂದಿದ್ದ ಬಾಳೆಹಣ್ಣಿನ ಗೊನೆಯನ್ನು ಮಾತ್ರ ಬಿಟ್ಟು ಹೋದರು, ಅದು ನನಗೆ ಇವತ್ತಿಗೂ ಇಷ್ಟವಾಗುವ ವಿಷಯ. ಮುಂದೆ ನನ್ನ ವಿರುದ್ಧ ಅರ್ಜಿಗಳು ಹೋದವು. ಹಳೆಯ ಛೀಮಾರಿಯ ಕತೆಯೂ ಹೊರಬಂತು. ಈ ಮನುಷ್ಯನಿಗೆ ಗಾಡಿ ನಿಲ್ಲಿಸುವುದೇ ಚಟ ಎಂದು ಯಾರೋ ಅದರಲ್ಲಿ ಬರೆದಿದ್ದರಂತೆ. ಗಂಗಾವತಿಯಲ್ಲಿ ಹೆಂಡತಿಯ ಅಣ್ಣಂದಿರು ನನ್ನ ಜೊತೆ ಮಾತು ಬಿಟ್ಟರು. ಅವಳು ತವರಿಗೆ ಹೋಗಿ ಬಂದು ಎರಡು ದಿನ ಸಿಡಿಸಿಡಿ ಎಂದಳು. ಮೂರನೆಯ ದಿನ, "ಬಿಚ್ಚೂದು ಬಿಚ್ಚಾಕತ್ತೀರಿ, ಅರ್ಧಕ್ಕ ಬಿಟ್ಟು ಬರಬ್ಯಾಡ್ರಿ ಮತ್ತ," ಎಂದಳು. ಮೇಲಿನವರು ಬಂದು ಗುಂಡಿಗಳನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಮಾತೇ ಗೆದ್ದಿತು. ಆ ತುಂಡಿನ ಏರಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಗುತ್ತಿಗೆದಾರ ಹೇಳಿದ ಹಾಗೆ ಎರಡು ಮಳೆಗಾಲ ಹಿಡಿಯಿತು.

ಅದೇ ಕಾಲದಲ್ಲಿ ಸೈನ್ಯದ ಪಡೆಯಲ್ಲಿ ನನ್ನ ಸೇವೆ ಮುಗಿಯುತ್ತ ಬಂದಿತ್ತು. ಕೊನೆಯ ಶಿಬಿರದಲ್ಲಿ ಹೊಸ ಕಮಾಂಡರ್ ನನ್ನನ್ನು ಕರೆಸಿದರು. ಆ ಹಳೆಯ ವಿಚಾರಣೆಯ ಕಾಗದ ಓದಿದೆ ಎಂದರು. ನಿಮಗೆ ಅನ್ಯಾಯವಾಗಿದೆ ಎಂದು ನನ್ನ ಅಭಿಪ್ರಾಯ, ಒಂದು ಮನವಿ ಕೊಡಿ, ಹೋಗುವ ಮುಂಚೆ ಆ ಛೀಮಾರಿ ತೆಗೆಸಿಹಾಕುತ್ತೇನೆ, ಬಡ್ತಿಯೂ ಸಿಗಬಹುದು ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಯೋಚಿಸಲು ಸಂಜೆಯವರೆಗೆ ಸಮಯ ಕೇಳಿದೆ.

ಆ ಹೊತ್ತಿಗೆ ಅವ್ವ ಇರಲಿಲ್ಲ. ಹೆಂಡತಿಗೆ ಫೋನು ಮಾಡಿದೆ. ಎಲ್ಲ ಕೇಳಿಕೊಂಡು, "ಈಗ ಸುಬೇದಾರ ಆದ್ರ ಏನ ಬಂತು, ಮೂರು ದಿನ ಸುಬೇದಾರ ಆಗಿ ಮನಿಗೆ ಬರ್ತೀರಿ," ಎಂದಳು. "ನಿಮಗ ಏನು ಬೇಕು ಅದನ್ನ ಹೇಳ್ರಿ."

ಸಂಜೆ ಕಮಾಂಡರ್ ಹತ್ತಿರ ಹೋದೆ. "ಸಾಹೇಬ್, ಅದನ್ನು ತೆಗೆಸಬೇಡಿ," ಎಂದೆ.

ಅವರಿಗೆ ಅರ್ಥವಾಗಲಿಲ್ಲ.

"ನನ್ನ ಕಡತದಲ್ಲಿ ಉಳಿದದ್ದೆಲ್ಲ ನಾನು ಎಲ್ಲೆಲ್ಲಿ ಇದ್ದೆ ಎಂದು ಹೇಳುತ್ತದೆ. ನಾನು ಏನು ಮಾಡಿದೆ ಎಂದು ಹೇಳುವುದು ಅದೊಂದೇ. ಬಾವುಟ ತೆಗೆಯಲಿಲ್ಲ ಎಂದು ಅದರಲ್ಲಿ ಬರೆದಿದೆ. ನಾನು ತೆಗೆಯಲಿಲ್ಲ. ಇರಲಿ."

ಅವರು ಎದ್ದು ನಿಂತು ಕೈ ಕುಲುಕಿದರು. ನಾಯಬ್ ಸುಬೇದಾರನಾಗಿ ಸೇರಿದವನು ನಾಯಬ್ ಸುಬೇದಾರನಾಗಿಯೇ ಮನೆಗೆ ಬಂದೆ. ಸಮವಸ್ತ್ರವನ್ನು ಹೆಂಡತಿ ಒಗೆದು ಇಸ್ತ್ರಿ ಮಾಡಿಸಿ ಪೆಟ್ಟಿಗೆಯಲ್ಲಿಟ್ಟಳು. ಟೋಪಿಯನ್ನು ಮಗಳು ತನ್ನ ಹಾಸ್ಟೆಲಿಗೆ ತೆಗೆದುಕೊಂಡು ಹೋದಳು.

ಗಂಗಾವತಿಯ ಕಡೆಯ ಆ ಹೊಸ ಹಳಿಯ ಮೇಲೆ ಗಾಡಿ ಓಡಿದ ಮೊದಲ ದಿನ ನಿಲ್ದಾಣದಲ್ಲಿ ದೊಡ್ಡ ಸಭೆ. ಪೆಂಡಾಲು, ಮೈಕು, ಹೂವು. ವೇದಿಕೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಕರೆದಿದ್ದರೂ ನನಗೆ ಬೇರೆ ಕೆಲಸವಿತ್ತು. ನಾವು ಬಿಚ್ಚಿ ಕಟ್ಟಿದ್ದ ಏರಿಯ ಹತ್ತಿರ, ರೈಲ್ವೆ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಾನೂ ನನ್ನ ಗ್ಯಾಂಗಿನವರೂ ಕೂತಿದ್ದೆವು. ಮೇಸ್ತ್ರಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಪೇಪರಿನ ಮೇಲೆ ಸುರಿದುಕೊಂಡು ತಿನ್ನುತ್ತಿದ್ದೆವು. ಮೈಕಿನ ಮಾತು ಗಾಳಿಯಲ್ಲಿ ಅಲ್ಲಿಯವರೆಗೂ ಬರುತ್ತಿತ್ತು. ಭಾಷಣ ಮಾಡುತ್ತಿದ್ದವರು ಕೆಲವು ಅಧಿಕಾರಿಗಳ ಹಟದಿಂದ ನಮ್ಮ ಜನ ಇಷ್ಟು ಕಾಲ ಕಾಯಬೇಕಾಯಿತು ಎಂದರು. ಚಪ್ಪಾಳೆ ಬಿತ್ತು.

ಮೇಸ್ತ್ರಿ ತಿನ್ನುವುದನ್ನು ನಿಲ್ಲಿಸಿದ. "ಸಾಹೇಬ್ರ, ನಿಮಗ ಬೈಯಾಕತ್ತಾರ."

"ಬೈಲಿ ಬಿಡು," ಎಂದೆ. "ಮಿರ್ಚಿ ಆರತಾವ, ತಿನ್ನು."

ಆಮೇಲೆ ಸೀಟಿ ಕೇಳಿಸಿತು. ನಾವೆಲ್ಲ ಕೈ ಒರೆಸಿಕೊಂಡು ಎದ್ದೆವು. ಎಂಜಿನಿನ ಮೂತಿಗೆ ಕಟ್ಟಿದ್ದ ಬಾಳೆಕಂಬಗಳು ತೊನೆಯುತ್ತ ಬಂದವು. ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು, ಕೈ ಬೀಸುತ್ತಿದ್ದರು. ಕಿಟಕಿಯೊಂದರಲ್ಲಿ ಹೆಂಡತಿಯ ದೊಡ್ಡಣ್ಣನ ಮುಖ ಕಂಡ ಹಾಗಾಯಿತು. ನಾನು ಮುಖಗಳನ್ನು ನೋಡುತ್ತಿರಲಿಲ್ಲ. ಏರಿಯ ಇಳಿಜಾರನ್ನು ನೋಡುತ್ತಿದ್ದೆ, ಪ್ರತಿ ಗಾಲಿ ದಾಟಿದಾಗಲೂ. ಒಂದು ಹೆಂಟೆಯೂ ಉರುಳಲಿಲ್ಲ.

"ಹೋತು," ಎಂದ ಮೇಸ್ತ್ರಿ.

"ನಾಳಿ ಮತ್ತ ಬರ್ತೈತಿ," ಎಂದೆ. ಟ್ರಾಲಿಯನ್ನು ಹಳಿಯ ಮೇಲೆ ಎತ್ತಿಡಲು ಹೇಳಿದೆ.